ಚಕ್ರಕ್ಕಿಟ್ಟ ಚಂದನ

ಕುಕ್ಕರ್ ಕೂಗಿದರೂ ಎರಡು ಹೆಜ್ಜೆ ಹಿಂದೆ ಸರಿಯುವವಳು ನಾನು. ನನ್ನಂಥವಳನ್ನು ಕಟ್ಟಿಕೊಂಡ ಮಹಾನುಭಾವರು ಪೋತ್ತನೂರಿನ ಮನೆಯ ಹಿತ್ತಿಲಲ್ಲಿ ಜೆಟ್ ಎಂಜಿನ್ ಮಾಡಲು ಕೂತರು. ಹಗಲೆಲ್ಲ ಪಂಪ್ ಮೋಟಾರ್ ಮಾಡುವ ಪಟ್ಟರೈ ಎಂಬ ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ, ಮನೆಗೆ ಬಂದರೆ ಮಾದರಿ ವಿಮಾನಕ್ಕೆಂದು ಈ ಪುಟ್ಟ ಎಂಜಿನ್. ಕಾರಿನ ಹಳೆಯ ಟರ್ಬೊದಿಂದ ಕಿತ್ತ ಚಕ್ರ ಅದರ ಬಾಯಲ್ಲಿ. ನನ್ನ ಅಡುಗೆಮನೆಯಿಂದ ಮಾಯವಾದ ಸ್ಟೀಲ್ ಡಬ್ಬಿ ಅದರ ಮೈ. ಡಬ್ಬಿ ಹೋದದ್ದಕ್ಕೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಅದನ್ನು ಮೊದಲ ಸಲ ಹೊತ್ತಿಸಲು ವಿಜಯದಶಮಿಯ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಹಿಂದಿನ ದಿನ ಆಯುಧಪೂಜೆ. ಸ್ಕೂಟರ್, ಗ್ರೈಂಡರ್, ಹೊಲಿಗೆ ಯಂತ್ರಗಳಿಗೆ ಚಂದನ ಕುಂಕುಮದ ಪೊಟ್ಟು ಇಟ್ಟು ಎಂಜಿನ್ ಬಳಿ ಬಂದೆ. ಅತ್ತೆ ನೇಯ್ಗೆಯವರ ಮನೆಯ ಮಗಳು. ಅವರ ಕ್ರಮದಲ್ಲಿ ಪೊಟ್ಟು ಇಡುವುದು ಮಗ್ಗದ ಚೌಕಟ್ಟಿಗಲ್ಲ, ಓಡುವ ಲಾಳಿಗೆ. ಎಗರಿ ಬಂದು ಹೊಡೆಯುವುದು ಲಾಳಿಯೇ ತಾನೆ? ಇಲ್ಲಿ ಓಡುವುದು ಚಕ್ರ. ಇವರಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡು, ಎಂಜಿನ್ ಬಾಯೊಳಗೆ ಬೆರಳು ತೂರಿಸಿ, ಚಕ್ರದ ಒಂದು ಎಸಳಿಗೆ ದಪ್ಪಗೆ ಚಂದನ ಮೆತ್ತಿ ಕುಂಕುಮ ಒತ್ತಿದೆ. ಮನಸ್ಸು ಹಗುರಾಯಿತು.

ಮರುದಿನ ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಗ್ಯಾಸ್ ಸಿಲಿಂಡರ್ ಜೋಡಿಸಿದರು. ಅತ್ತೆ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಚಕ್ರ ಒಡೆದರೆ ಚೂರುಗಳು ಪಕ್ಕಕ್ಕೇ ಹಾರುತ್ತವೆ ಎಂದು ಇವರು ಅವರನ್ನು ಎಬ್ಬಿಸಿ ನನ್ನ ಜೊತೆ ನೀರಿನ ತೊಟ್ಟಿಯ ಹಿಂದೆ ನಿಲ್ಲಿಸಿದರು. ಯಾಕೆ ಒಡೆಯುತ್ತದೆ ಎಂದು ಕೇಳಿದೆ. ಒಡೆಯುವುದಿಲ್ಲ, ಸುತ್ತಲೂ ತೂಕ ಒಂದೇ ಸಮ ಬರುವ ಹಾಗೆ ವಾರಗಟ್ಟಲೆ ಕೂತು ಉಜ್ಜಿದ್ದೇನೆ ಎಂದರು. ನಿಮಿಷಕ್ಕೆ ಲಕ್ಷ ಸುತ್ತು ತಿರುಗುವಾಗ ಒಂದು ಕಡೆ ಮರಳಿನ ಕಾಳಿನಷ್ಟು ಭಾರ ಹೆಚ್ಚಾದರೂ ಸಾಕಂತೆ. ಇಷ್ಟು ಹೇಳಿ ಕಿವಿ ಮುಚ್ಚುವ ಹೆಡ್‌ಫೋನ್ ಏರಿಸಿ, ಚಕ್ರ ತಿರುಗಿಸಲು ಗಾಳಿ ಊದುವ ಯಂತ್ರ ಹಚ್ಚಿಯೇಬಿಟ್ಟರು.

ಹಿಂದಿನ ದಿನ ಎಸಳಿಗೆ ಮೆತ್ತಿದ್ದ ಚಂದನ ನೆನಪಾಯಿತು. ನಿಜ ಹೇಳಬೇಕೆಂದರೆ ಆಗಲೇ ನಾನು ಕೂಗಲಿಲ್ಲ. ಹೇಳಿದರೆ ಬೈಯುತ್ತಾರೆ, ಒಂದು ಬೊಟ್ಟು ಚಂದನ ಏನು ಮಾಡೀತು ಎಂದುಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ಬೆಂಕಿ ಹಿಡಿಯಿತು. ಶಿಳ್ಳೆಯಂಥ ಸದ್ದು ಏರುತ್ತಾ ಹೋಯಿತು. ಇವರು ಶಾಖದ ಮೀಟರ್ ನೋಡಲು ಬಗ್ಗಿದರು. ಮುಖ ಸರಿಯಾಗಿ ಎಂಜಿನ್ ಪಕ್ಕಕ್ಕೆ ಬಂತು. ಸ್ಟ್ಯಾಂಡ್ ಗಡಗಡ ನಡುಗತೊಡಗಿತು. ಆಗ ಕೂಗಿದೆ. ಯಾರಿಗೆ ಕೇಳಬೇಕು? ಹೇಗೆ ಓಡಿದೆನೋ, ಸಿಲಿಂಡರ್ ಮುಚ್ಚಿದಾಗ ಬೆರಳುಗಳು ಅದರ ತಿರುಗಣಿಯನ್ನು ಬಿಡಲೇ ಒಲ್ಲವು.

ಸದ್ದು ಇಳಿದು ಚಕ್ರ ನಿಂತಿತು. ಇವರು ಹಿಡಿದು ನುಂಗುವವರಂತೆ ನೋಡಿದರು.

“ಚಕ್ರಕ್ಕೆ ಪೊಟ್ಟು ಇಟ್ಟಿದ್ದೆ,” ಎಂದೆ.

ಟಾರ್ಚ್ ಹಿಡಿದು ಒಳಗೆ ನೋಡಿದರು. ಕುಂಕುಮ ಹಾರಿಹೋಗಿತ್ತು, ಚಂದನ ಒಣಗಿ ಅಂಟಿಕೊಂಡೇ ಇತ್ತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಇವರು ಮಾತ್ರ ತೊಟ್ಟಿಯನ್ನೊಮ್ಮೆ, ಸಿಲಿಂಡರನ್ನೊಮ್ಮೆ ನೋಡಿ ಅಲ್ಲೇ ನೆಲಕ್ಕೆ ಕುಸಿದರು.

“ನೀ ಯಾವ ಕಡೆಯಿಂದ ಓಡಿ ಬಂದೆ, ಗೊತ್ತಾ?”

ಚಕ್ರದ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಹಾದು ಬಂದಿದ್ದೆ.

ಚಕ್ರವನ್ನು ಒರೆಸಿ ಮತ್ತೆ ತೂಕ ಸರಿಮಾಡಿಕೊಂಡರು. ಈಗ ಎಂಜಿನ್ ಹೊತ್ತಿಸುವ ಮುಂಚೆ ನನ್ನನ್ನು ಒಳಗೆ ಕಳಿಸಿ ಹಿತ್ತಿಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಾರೆ. ಇವರಿಗೆ ಅದರಿಂದ ನೆಮ್ಮದಿ. ಸದ್ದು ಏರುವಷ್ಟು ಹೊತ್ತೂ ಹೇಗೋ ತಡೆದುಕೊಳ್ಳುತ್ತೇನೆ. ಆಮೇಲೆ ಅದು ನಿಲ್ಲುತ್ತದೆ. ಇವರೇ ನಿಲ್ಲಿಸಿದರೋ, ಚಕ್ರ ಒಡೆದು ತಾನಾಗಿ ನಿಂತಿತೋ ಒಳಗಿದ್ದವಳಿಗೆ ತಿಳಿಯುವುದಿಲ್ಲ. ಚಿಲಕ ಸರಿಯುವ ತನಕ ಬಾಗಿಲಿಗೆ ಕಿವಿಯಿಟ್ಟು ನಿಂತಿರುತ್ತೇನೆ.