ಹೂವು ಎಡಕ್ಕೆ ಬಿದ್ದ ಮೇಲೆ

ಮೊದಲು ಕಂಡದ್ದು ಹಾಸ್ಟೆಲಿನ ಬಚ್ಚಲಲ್ಲಿ. ಎಪ್ಪತ್ತೊಂಬತ್ತರ ನವೆಂಬರ್, ಒಂದು ಮಂಗಳವಾರ ಬೆಳಿಗ್ಗೆ. ಹಲ್ಲುಜ್ಜುತ್ತಿದ್ದೆ. ಕೆಮ್ಮು ಬಂತು, ಉಗಿದೆ. ಹಲ್ಲುಪುಡಿಯ ನೊರೆಯ ನಡುವೆ ಒಂದು ಕೆಂಪು ಗೆರೆ. ವಸಡಿನದಿರಬೇಕು ಎಂದುಕೊಂಡು ಬಾಯಿ ಮುಕ್ಕಳಿಸಿದೆ. ಮತ್ತೆ ಕೆಮ್ಮಿದೆ. ಈ ಸಲ ನೊರೆ ಇರಲಿಲ್ಲ.

ಬರೀ ರಕ್ತ.

ಹೈಸ್ಕೂಲಿನಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ಅವತ್ತು ಹಿಂದಿನ ಪುಟಗಳನ್ನು ತಿರುವಿದರೆ ಮೂರು ವಾರಗಳಿಂದ ಸಂಜೆ ಜ್ವರ, ರಾತ್ರಿ ಬೆವರು, ಊಟ ಅರ್ಧ ಎಂದು ನಾನೇ ಬರೆದಿದ್ದೆ. ಬಿಡಿಬಿಡಿಯಾಗಿ ಬರೆದದ್ದನ್ನು ಕೂಡಿಸಿ ನೋಡಿರಲಿಲ್ಲ. ತುಮಕೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದೆ. ಕಫದ ಟೆಸ್ಟ್ ಆಯಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ತೂತು. ಟಿ.ಬಿ.

ಮಧುಗಿರಿ ಆಸ್ಪತ್ರೆಯ ಕೊನೆಯ ವಾರ್ಡಿನಲ್ಲಿ ಮಲಗಿಸಿದರು. ದಿನಕ್ಕೊಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಮಾತ್ರೆಗಳು. ಇಂಜೆಕ್ಷನ್ ಕೊಟ್ಟ ಮೇಲೆ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುತ್ತಿತ್ತು. ಎದ್ದು ನಿಂತರೆ ಕಿಟಕಿಯಾಚೆಯ ಬೆಟ್ಟ ಓರೆಯಾಗುತ್ತಿತ್ತು. ಹಾಲು ಕುಡಿದರೆ ಹೊಟ್ಟೆ ಕೆಡುತ್ತಿತ್ತು, ಮಾಂಸ ತಿಂದರೆ ವಾಂತಿ. ತೂಕ ನಲವತ್ತೊಂದು ಕೆ.ಜಿ. ಇದ್ದದ್ದು ಎರಡನೇ ವಾರಕ್ಕೆ ನಲವತ್ತಕ್ಕಿಳಿಯಿತು. ಡಾಕ್ಟರು ಚಾರ್ಟ್ ನೋಡಿ, ಪಕ್ಕದಲ್ಲಿ ನಿಂತಿದ್ದ ನನ್ನ ತಾತನಿಗೆ ಹೇಳಿದರು.

“ಔಷಧಿ ಒಂದೇ ಏನೂ ಮಾಡಲ್ಲ ಯಜಮಾನರೇ. ಮೈಯಲ್ಲಿ ಶಕ್ತಿ ಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಮೊಟ್ಟೆ ಕೊಡಿ. ತೂಕ ಹೀಗೇ ಇಳೀತಾ ಹೋದರೆ ನಾನು ಭರವಸೆ ಕೊಡಲಾರೆ.”

ತಾತ ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡ.

ನಮ್ಮದು ಐ.ಡಿ.ಹಳ್ಳಿ ಕಡೆಯ ಗೊಲ್ಲರಹಟ್ಟಿ. ಸುತ್ತ ಮುಳ್ಳಿನ ಬೇಲಿ, ಒಳಗೆ ಮನೆಗಳು, ನಡುವೆ ದೇವರ ಗುಡಿ. ಆ ಬೇಲಿಯೊಳಗೆ ಕೋಳಿ ಬರುವಂತಿಲ್ಲ, ಮೊಟ್ಟೆಯೂ ಬರುವಂತಿಲ್ಲ. ಕುರಿ, ಮೇಕೆ ತಿನ್ನುತ್ತೇವೆ, ಕೋಳಿಯನ್ನು ಮುಟ್ಟುವುದಿಲ್ಲ. ತಿಂದವನನ್ನು ಯಾರೂ ಬಡಿಯುವುದಿಲ್ಲ. ಅವನು ಬೇಲಿಯ ಆಚೆ ಇರಬೇಕು, ಅಷ್ಟೆ. ಪೂಜಾರಿಯ ಮನೆಗೆ ಕಟ್ಟು ಇನ್ನೂ ಬಿಗಿ. ಆ ಮನೆಯಲ್ಲಿ ಒಬ್ಬರು ತಿಂದರೂ ಪೂಜಾರಿ ಗುಡಿಯ ಹೊಸ್ತಿಲು ದಾಟುವಂತಿಲ್ಲ. ನಮ್ಮ ಹಟ್ಟಿಯ ಪೂಜಾರಿ ನನ್ನ ತಾತನೇ. ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ನನ್ನನ್ನು ಓದಿಸಿದವನು ತಾತ.

“ಹಟ್ಟಿಗೆ ಹೋಗಿ ಕೇಳ್ಕಂಡ್ ಬತ್ತೀನಿ” ಎಂದ.

ಯಾರನ್ನು ಎಂದು ನಾನು ಕೇಳಲಿಲ್ಲ. ಗುಡಿಯಲ್ಲಿ ಹೂ ಕೇಳುವುದುಂಟು. ಒದ್ದೆ ಮಾಡಿದ ಎರಡು ಹೂಗಳನ್ನು ದೇವರ ಕಲ್ಲಿನ ಎಡಕ್ಕೊಂದು ಬಲಕ್ಕೊಂದು ಅಂಟಿಸಿ ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಇಲ್ಲ.

ತಾತ ಹೋದ ದಿನವೇ ಸಂಜೆ ನಮ್ಮ ಮೇಷ್ಟ್ರು ಬಂದರು. ಪಿ.ಯು.ಸಿ.ಯಲ್ಲಿ ನಮಗೆ ತರ್ಕಶಾಸ್ತ್ರ ಕಲಿಸಿದವರು. ಜನಿವಾರ ತೆಗೆದಿಟ್ಟು ವರ್ಷಗಳಾಗಿದ್ದವು. ದೇವರಿಲ್ಲ ಎಂದು ತರಗತಿಯಲ್ಲೇ ಹೇಳುತ್ತಿದ್ದರು, ಆದರೆ ಹೇಳಿ ಸುಮ್ಮನಾಗುತ್ತಿರಲಿಲ್ಲ. ಏಕೆ ಇಲ್ಲ ಎಂದು ತೋರಿಸಬೇಕು, ಯಾರಾದರೂ ಅದನ್ನು ಮುರಿಯಲು ನೋಡಬೇಕು. ಮುರಿಯಲು ಬಂದವನೆಂದರೆ ಅವರಿಗೆ ಬಹಳ ಇಷ್ಟ. ಟಿ.ಬಿ. ವಾರ್ಡಿಗೆ ಬರಲು ನನ್ನ ಸಹಪಾಠಿಗಳು ಹೆದರುತ್ತಿದ್ದ ದಿನಗಳಲ್ಲಿ ಅವರು ದಿನವೂ ಸಂಜೆ ಬಂದು ನನ್ನ ಮಂಚದ ತುದಿಯಲ್ಲಿ ಕೂರುತ್ತಿದ್ದರು.

ವಾರ್ಡಿನಲ್ಲಿ ಅವರಿಗೆ ತಕ್ಕ ಎದುರಾಳಿ ಸಿಕ್ಕರು. ಪಕ್ಕದ ಮಂಚದ ಬುಡೇನ್ ಸಾಬರು, ಸಿರಾದಲ್ಲಿ ಸ್ಟವ್ ರಿಪೇರಿ ಮಾಡುತ್ತಿದ್ದವರು. ಅವರಿಗೂ ನನ್ನದೇ ಕಾಯಿಲೆ. ನನಗಿಂತ ಹಳೆಯದು.

ಒಂದು ಸಂಜೆ ಮೇಷ್ಟ್ರು ಬೆಟ್ಟದ ಮೇಲಿನ ಕೋಟೆಯನ್ನು ತೋರಿಸಿ, ಕೋಟೆಯಿದೆ ಎಂದರೆ ಕಟ್ಟಿದವನು ಇರಲೇಬೇಕು, ಜಗತ್ತಿದೆ ಎಂದರೆ ಮಾಡಿದವನು ಇರಬೇಕು ಎಂಬ ವಾದವನ್ನು ಎತ್ತಿದರು. ಅದನ್ನು ಎಷ್ಟು ಚೆನ್ನಾಗಿ ಕಟ್ಟಿದರೆಂದರೆ ಸಾಬರು ಎದ್ದು ಕೂತರು. ಆಮೇಲೆ ತಾವೇ ಅದನ್ನು ಕೆಡವಿದರು. ಕೋಟೆ ಕಟ್ಟಿದವನು ಸತ್ತು ಎಷ್ಟೋ ಕಾಲವಾಯಿತು, ಕೋಟೆಯಿದ್ದ ಮಾತ್ರಕ್ಕೆ ಅವನು ಈಗಲೂ ಇದ್ದಾನೆಂದು ಹೇಳಲಾಗದಲ್ಲ ಎಂದರು. ಸಾಬರು ಯೋಚಿಸಿದರು.

“ಸ್ಟವ್ ಉರಿಯೋವಾಗ ಬುಡೇನ್ ಯಾರ್ಗೂ ಬ್ಯಾಡ ಮೇಷ್ಟ್ರೇ. ಕೆಟ್ಟಾಗ ಬುಡೇನ್ ಎಲ್ಲಿ ಅಂತಾರೆ. ಅಲ್ಲಾನೂ ಅಂಗೇ.”

“ಕರೆದರೂ ಬರದೇ ಇದ್ರೆ?”

“ನಾನೂ ಎಲ್ಲಾ ಸಲ ಹೋಗಲ್ಲ.”

ಮೇಷ್ಟ್ರು ಮಂಚ ಅಲುಗುವಂತೆ ನಕ್ಕರು. ನಾನು ದಿನಚರಿಯಲ್ಲಿ ಪುಟದ ನಡುವೆ ಗೆರೆ ಎಳೆದು ದೇವರ ಪರ ಒಂದು ಕಡೆ, ವಿರುದ್ಧ ಇನ್ನೊಂದು ಕಡೆ ವಾದಗಳನ್ನು ಗುರುತು ಹಾಕುತ್ತಿದ್ದೆ. ಅವತ್ತಿನದನ್ನು ಯಾವ ಕಡೆ ಹಾಕಲಿ ಎಂದು ಕೇಳಿದೆ. “ಪರ ಹಾಕು. ಉತ್ತರ ಚೆನ್ನಾಗಿತ್ತು” ಎಂದರು. ಸಾಬರಿಗೆ ಮಾತು ತೋಚದ ದಿನ ಮೇಷ್ಟ್ರೇ ಅವರ ಪರವಾಗಿ ವಾದ ಹುಡುಕಿ ಕೊಡುತ್ತಿದ್ದರು. ಎದುರಾಳಿ ಸೋಲಬೇಕೆಂಬ ಹಟವಿಲ್ಲದ ವಾದವನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ಆದರೆ ಮೊಟ್ಟೆಯ ವಿಷಯದಲ್ಲಿ ಅವರು ನಗಲಿಲ್ಲ. ಈವತ್ತೇ ತಿನ್ನು ಎಂದರು. ತಾತ ಬರಲಿ ಎಂದೆ. ನನಗೆ ಆ ಹೊತ್ತಿಗೆ ದೇವರಲ್ಲಿ ನಂಬಿಕೆಯಿತ್ತೋ ಇಲ್ಲವೋ ಗೊತ್ತಿರಲಿಲ್ಲ. ತಾತ ಗುಡಿಯ ಹೊರಗೆ ನಿಂತಿರುವುದನ್ನು ಮಾತ್ರ ಊಹಿಸಲಾಗುತ್ತಿರಲಿಲ್ಲ. ಅರವತ್ತು ವರ್ಷ ದಿನಾ ಬೆಳಿಗ್ಗೆ ಅವನು ಮೊದಲು ಮಾತಾಡಿಸುತ್ತಿದ್ದುದು ದೇವರನ್ನು. ಆಮೇಲೆ ನಮ್ಮನ್ನು.

“ಹೆದರಬೇಡ. ಅಪ್ಪಣೆ ಸಿಗುತ್ತೆ” ಎಂದರು ಮೇಷ್ಟ್ರು. ಹೂ ಅಂಟಿಸುವುದು ಪೂಜಾರಿಯ ಕೈ. ಎಡಗಡೆಯದಕ್ಕೆ ನೀರು ಹೆಚ್ಚು, ಬಲಗಡೆಯದಕ್ಕೆ ಕಡಿಮೆ, ಅದು ಬೇಗ ಉದುರುತ್ತದೆ. ಬೇಕೆಂದು ಮಾಡುವುದಲ್ಲ, ಮನಸ್ಸು ಬಯಸಿದ್ದನ್ನು ಬೆರಳು ಮಾಡುತ್ತದೆ. ನಿನ್ನ ತಾತನಿಗೆ ನೀನು ಬದುಕಬೇಕು, ಆದ್ದರಿಂದ ಹೂವು ಬಲಕ್ಕೇ ಬೀಳುತ್ತದೆ, ನೋಡುತ್ತಿರು ಎಂದು ವಿವರಿಸಿದರು.

ತೂಕ ಮೂವತ್ತೆಂಟಾಯಿತು.

ತಾತ ಬಂದದ್ದು ಎಂಟನೆಯ ದಿನ. ನಡೆದ ಕಾಲು, ಧೂಳು. ಮೇಷ್ಟ್ರೂ ಇದ್ದರು. ತಾತ ನೆಲದ ಮೇಲೆ ಕೂತು ನೀರು ಕುಡಿದ.

“ಮೂರ್ ಸಲ ಕೇಳ್ದೆ ಕಣ್ಲಾ. ಮೂರೂ ಸಲ ಎಡಕ್ಕೇ ಬಿತ್ತು.”

ನಾನು ಮೇಷ್ಟ್ರ ಮುಖ ನೋಡಿದೆ. ಅವರು ತಾತನ ಕೈಗಳನ್ನು ನೋಡುತ್ತಿದ್ದರು.

“ನೀನು ತಿನ್ನು” ಎಂದ ತಾತ.

“ದ್ಯಾವ್ರು ಬ್ಯಾಡ ಅಂತಲ್ಲ ತಾತ.”

“ಅದು ಅದರ ಮಾತು ಹೇಳ್ತು. ನಾನು ನನ್ ಮಾತು ಹೇಳ್ಬಂದೆ. ಇಷ್ಟು ವರ್ಸ ಅದು ಹೇಳ್ದಂಗೆ ಕೇಳಿವ್ನಿ. ಇದೊಂದು ಕೇಳಾಕಾಗಲ್ಲ ಅಂದೆ. ಪೂಜೆ ನನ್ ತಮ್ಮಂಗೆ ಒಪ್ಪಿಸ್ಬುಟ್ಟೆ.”

ಮೇಷ್ಟ್ರು ಬಹಳ ಮೆತ್ತಗೆ ಕೇಳಿದರು, “ಹಾಗಾದರೆ ದೇವರಿಲ್ಲ ಅಂತ ತೀರ್ಮಾನ ಮಾಡಿದ್ರಾ ಯಜಮಾನರೇ?”

ತಾತ ಅವರನ್ನು ಪೆದ್ದನನ್ನು ನೋಡುವಂತೆ ನೋಡಿದ. “ಇಲ್ದೇ ಇರೋರ ಕುಟೆ ಯಾರಾನ ಜಗಳ ಆಡ್ತಾರಾ ಸ್ವಾಮಿ?”

ಅವತ್ತು ಮೇಷ್ಟ್ರು ಹೊರಡುವಾಗ ನನ್ನ ಬಳಿ ಬಗ್ಗಿ, ತಮ್ಮ ಲೆಕ್ಕ ತಪ್ಪಿತು ಎಂದರು. ಗುಡಿಯೊಳಗೆ ತಾತನ ಹೊರತು ಯಾರೂ ಇರಲಿಲ್ಲ. ಬಲಕ್ಕೆ ಬಿತ್ತೆಂದು ಹೇಳಿದ್ದರೆ ಪೂಜೆ ಉಳಿಯುತ್ತಿತ್ತು, ಮೊಮ್ಮಗನೂ ತಿನ್ನುತ್ತಿದ್ದ. ದೇವರ ಬಾಯಲ್ಲಿ ಒಂದು ಸುಳ್ಳು ಆಡಿಸಲು ಒಪ್ಪದೆ ಅವನು ದೇವರನ್ನೇ ಎದುರಿಸಿದ್ದ. ನಂಬುವವರು ತಮಗೆ ಅನುಕೂಲವಾದದ್ದನ್ನು ನಂಬುತ್ತಾರೆ ಎಂದು ಮೇಷ್ಟ್ರು ನಮಗೆ ಕಲಿಸಿದ್ದರು. ಆ ವಾಕ್ಯವನ್ನು ಅವರು ಮುಂದೆ ಬಳಸಿದ್ದನ್ನು ನಾನು ಕೇಳಿಲ್ಲ.

ಮಾರನೆಯ ಬೆಳಿಗ್ಗೆ ಅವರು ಟಿಫಿನ್ ಡಬ್ಬಿಯಲ್ಲಿ ಮೊಟ್ಟೆ ತಂದರು. ಹುಟ್ಟಿನಿಂದ ಮೊಟ್ಟೆ ಮುಟ್ಟದ ಮನೆತನ. ದೇವರನ್ನು ಬಿಟ್ಟಿದ್ದರೂ ಸಸ್ಯಾಹಾರ ಬಿಟ್ಟಿರಲಿಲ್ಲ. ಹಾಲಿನಂತೆ ಒಂದು ಕುದಿ ಬಂದರೆ ಸಾಕೆಂದುಕೊಂಡಿದ್ದರು. ನಾನು ಎರಡು ಕೈಯಲ್ಲಿ ಹಿಡಿದು ಒತ್ತಿದೆ. ಹಳದಿಯೆಲ್ಲ ಹೊದಿಕೆಯ ಮೇಲೆ ಹರಿಯಿತು. ಮೇಷ್ಟ್ರು ಮೂಗು ಮುಚ್ಚಿಕೊಂಡರು. ತಾತ ಕಂಬಳಿ ಎತ್ತಿಕೊಂಡು ಹಿಂದೆ ಸರಿದ. ಮೂವರಲ್ಲಿ ಒಬ್ಬರಿಗೂ ಮೊಟ್ಟೆ ಒಡೆಯುವುದು ಗೊತ್ತಿರಲಿಲ್ಲ.

ಬುಡೇನ್ ಸಾಬರು ನಗಲು ಹೋಗಿ ಕೆಮ್ಮಿದರು, ಕೆಮ್ಮುತ್ತ ನಕ್ಕರು. “ಯಾ ಅಲ್ಲಾ, ಇಷ್ಟು ವಾದ ಮಾಡ್ತೀರಿ, ಒಂದು ಅಂಡಾ ಬೇಯ್ಸಾಕೆ ಬರಲ್ವಾ? ತಣ್ಣೀರಲ್ಲಿ ಇಕ್ರಿ ಮೇಷ್ಟ್ರೇ. ಕುದಿ ಬಂದ್ಮೇಲೆ ಆರಾಮಾಗಿ ಒಂದು ಚಾ ಕುಡೀರಿ. ಆಮೇಲೆ ಇಳ್ಸಿ.”

ಮೊದಲ ದಿನ ವಾಂತಿಯಾಯಿತು. ಎರಡನೆಯ ದಿನವೂ. ನಾಲ್ಕನೆಯ ದಿನ ಹೊಟ್ಟೆಯಲ್ಲಿ ನಿಂತಿತು. ಡಿಸೆಂಬರ್ ಕೊನೆಗೆ ತೂಕ ಮೂವತ್ತೊಂಬತ್ತೂವರೆ. ಸಂಜೆಯ ಜ್ವರ ಇಳಿಯಿತು. ಮೊಟ್ಟೆಯಿಂದಲೋ, ಇಂಜೆಕ್ಷನ್ನಿನಿಂದಲೋ, ಕಾಲ ಬಂದದ್ದಕ್ಕೋ, ಬಿಡಿಸಿ ಹೇಳಲಾಗದು ಎಂದರು ಡಾಕ್ಟರು.

ಜನವರಿಯ ಒಂದು ಬೆಳಿಗ್ಗೆ ಪಕ್ಕದ ಮಂಚ ಖಾಲಿಯಿತ್ತು.

ಬುಡೇನ್ ಸಾಬರು ರಾತ್ರಿ ತೀರಿಕೊಂಡಿದ್ದರು. ಸಿರಾದಿಂದ ಮಗ ಬಂದು ದೇಹ ಒಯ್ದಿದ್ದ. ಸಂಜೆ ಮೇಷ್ಟ್ರು ಬಂದು, ಖಾಲಿ ಮಂಚದ ಮುಂದೆ ನಿಂತರು. ನನಗೆ ಸಿಟ್ಟು ಬಂದಿತ್ತು. ದಿನಕ್ಕೆ ಐದು ಸಲ ಕರೆದವರ ಕೂಗಿಗೇ ಓಗೊಡಲಿಲ್ಲ, ಇದನ್ನು ದೇವರ ವಿರುದ್ಧ ಬರೆದುಕೊಳ್ಳಲೇ ಎಂದು ಕೇಳಿದೆ. ಮೇಷ್ಟ್ರ ಎಲ್ಲ ವಾದಗಳಲ್ಲಿ ಬಲವಾದದ್ದು ಇದೇ. ನಮಗೆ ಹಾಗೆಂದು ಅವರೇ ಪಾಠ ಮಾಡಿದ್ದರು.

“ಬೇಡ” ಎಂದರು. “ಅವರ ಸಾವನ್ನು ನಮ್ಮ ಪಾಯಿಂಟ್ ಮಾಡಿಕೊಳ್ಳೋದು ಬೇಡ ಈರಣ್ಣ. ಉತ್ತರ ಕೊಡೋಕೆ ಅವರಿಲ್ಲವಲ್ಲ.”

ಅವತ್ತಿನಿಂದ ನಾನು ಆ ಗೆರೆ ಎಳೆಯುವುದನ್ನು ಬಿಟ್ಟೆ.

ಫೆಬ್ರವರಿಯಲ್ಲಿ ಡಿಸ್ಚಾರ್ಜ್ ಆಯಿತು. ಮಾತ್ರೆ ಇನ್ನೂ ಒಂದು ವರ್ಷ, ಮೊಟ್ಟೆಯೂ ಮುಂದುವರಿಯಬೇಕು. ಹಟ್ಟಿಯೊಳಗೆ ಹೋಗುವಂತಿರಲಿಲ್ಲ. ತಾತ ಬೇಲಿಯ ಆಚೆ, ನಮ್ಮ ಹೊಲದಲ್ಲಿ, ಒಂದು ಗುಡಿಸಲು ಹಾಕಿದ್ದ. ಅವ್ವ ಬೇಲಿಯವರೆಗೆ ಬಂದು ಮುದ್ದೆ, ಸಾರು ಕೊಟ್ಟು ಹೋಗುತ್ತಾಳೆ. ತಾತ ನನ್ನೊಂದಿಗೇ ಉಣ್ಣುತ್ತಾನೆ, ನನ್ನೊಂದಿಗೇ ಮಲಗುತ್ತಾನೆ. ಹಳ್ಳಿಯಿಂದ ನಾಲ್ಕು ಹೇಂಟೆ ತಂದು ಸಾಕಿದ್ದಾನೆ.

ಹಟ್ಟಿಯವರು ಮೊದಮೊದಲು ಬಿಗುವಾಗಿದ್ದರು. ಈಗ ಚುಡಾಯಿಸುತ್ತಾರೆ. “ಏನ್ ಪೂಜಾರಪ್ಪ, ಕೋಳಿಗೆ ಮಂಗಳಾರ್ತಿ ಆಯ್ತಾ?” ಎನ್ನುತ್ತ ಕುರಿ ಹೊಡೆದುಕೊಂಡು ಹೋಗುತ್ತಾರೆ. “ಆಯ್ತು ಕಣಪ್ಪ, ಪರಸಾದ ತಿಂತೀಯಾ?” ಎನ್ನುತ್ತಾನೆ ತಾತ. ಆದರೆ ಒಂದು ಹೇಂಟೆ ಬೇಲಿಯ ಕಡೆ ಮುಖ ಮಾಡಿತೋ, ಕೋಲು ಹಿಡಿದು ಅದಕ್ಕೂ ಬೇಲಿಗೂ ನಡುವೆ ಓಡುತ್ತಾನೆ. ಈ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡುವುದನ್ನು ನಾನು ನೋಡಿರಲಿಲ್ಲ. ದೇವರ ಕಟ್ಟನ್ನು ಮುರಿದವನೇ ಈಗ ಅದನ್ನು ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದಾನೆ.

ಕಳೆದ ತಿಂಗಳು ಮೇಷ್ಟ್ರು ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದರು. ಎರಡು ಸಲ ಕಫದ ಟೆಸ್ಟ್ ನೆಗೆಟಿವ್ ಬಂದಿದೆ, ತೂಕ ನಲವತ್ತಾರು ಎಂದು ಹೇಳಿದೆ. ಮಜ್ಜಿಗೆ ಕುಡಿಯುತ್ತ ಅವರು ತಾತನನ್ನು ಕೇಳಿದರು, “ರಾಜಿ ಆಯ್ತಾ?”

“ಇನ್ನೂ ಇಲ್ಲ ಸ್ವಾಮಿ.”

“ಇನ್ನೊಂದು ಸಲ ಹೂ ಕೇಳಿಸಬಹುದಲ್ಲ, ನಿಮ್ಮ ತಮ್ಮನ ಕೈಲಿ. ಹುಡುಗ ಹುಷಾರಾದ. ಈಗ ಬಲಕ್ಕೆ ಬಿದ್ದರೂ ಬೀಳಬಹುದು.”

ತಾತ ತಲೆಯಾಡಿಸಿದ. “ಗೆದ್ದೋನು ಹೋಗಿ ಕೇಳಬಾರ್ದು. ಅದಕ್ಕೂ ಮರ್ವಾದೆ ಐತೆ.”

ಮೇಷ್ಟ್ರು ಲೋಟ ಕೆಳಗಿಟ್ಟರು. ಬಸ್ಸಿನವರೆಗೆ ಕಳಿಸಲು ಹೋದೆ. ಬಸ್ ಹತ್ತುವ ಮುಂಚೆ, ತಮಗೆ ದೇವರಲ್ಲಿ ನಂಬಿಕೆ ಬಂದಿಲ್ಲ, ಬರುವಂತೆಯೂ ಕಾಣದು, ಆದರೆ ಇಂಥ ಮನುಷ್ಯನೊಬ್ಬ ಎದುರಿಗೆ ನಿಲ್ಲುವಷ್ಟು ಬೆಲೆಯುಳ್ಳ ದೇವರು ನಿಜಕ್ಕೂ ಇದ್ದಿದ್ದರೆ ಚೆನ್ನಾಗಿತ್ತು ಎಂದರು.

ನನಗೂ ತೀರ್ಮಾನವಾಗಿಲ್ಲ. ಕಾಯಿಲೆ ಪೂರ್ತಿ ಹೋಗಿದೆ ಎಂದೂ ಹೇಳಲಾರೆ. ಎಕ್ಸ್‌ರೇಯಲ್ಲಿ ತೂತಿನ ಜಾಗದಲ್ಲಿ ಒಂದು ಕಲೆ ಉಳಿದಿದೆ, ಅದು ಉಳಿಯುತ್ತದಂತೆ. ಗುಡ್ಡ ಹತ್ತಿದರೆ ಉಸಿರು ಕಟ್ಟುತ್ತದೆ. ಆದರೂ ಬೆಳಿಗ್ಗೆ ಏಳುತ್ತೇನೆ, ಹಸಿವಾಗುತ್ತದೆ. ಇದಕ್ಕಾಗಿ ಯಾರಿಗೆ ಕೃತಜ್ಞನಾಗಿರಬೇಕೆಂದು ಕೇಳಿದರೆ ಮೂರು ಹೆಸರು ಹೇಳಬಲ್ಲೆ. ಅದರಾಚೆಗೆ ಇನ್ನೊಂದು ಇದೆಯೋ ಏನೋ.

ನಿನ್ನೆ ಸಂಜೆ ತಾತ ಎಂದಿನಂತೆ ಬೇಲಿಯ ಹೊರಗೆ, ಗುಡಿಯ ದೀಪ ಕಾಣುವ ಕಡೆ ಹೋಗಿ ನಿಂತ. ದಿನವೂ ನಿಲ್ಲುತ್ತಾನೆ. ಏನನ್ನೂ ಬೇಡುವುದಿಲ್ಲ. ನೆರೆಯವರಿಗೆ ಹೇಳುವಂತೆ ದಿನದ ಸುದ್ದಿ ಹೇಳುತ್ತಾನೆ. ಯಾವ ಕುರಿ ಮರಿ ಹಾಕಿತು, ಮೋಡ ಯಾವ ಕಡೆಗಿದೆ. ನಾನು ನಾಲ್ಕು ಮಾರು ಹಿಂದೆ ಕೂತಿದ್ದೆ.

“ಈರ ಇವತ್ತೆಲ್ಲಾ ಕೆಮ್ಮಿಲ್ಲ. ನೋಡು, ಅಲ್ಲೇ ಕುಂತವ್ನೆ” ಎಂದ.

ಅದೇ ಹೊತ್ತಿಗೆ ಎದೆಯ ಆಳದಲ್ಲಿ ಕೆಮ್ಮು ಎದ್ದಿತು. ಪಂಚೆಯ ಚುಂಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬಂದರೂ, ತಾತನ ಮಾತು ಮುಗಿಯುವ ತನಕ ತಡೆದು ಕೂತೆ.