ಬೆನ್ನುಹುರಿಯ ಬೆನ್ನು ಹತ್ತಿದ ‘ಇನ್ನೊಂದ್ಸಲ’ ಮೇಡಂ

ಬೆರಳು ಕೊಯ್ದುಕೊಂಡರೆ ಅಲ್ಲಿನ ನರ ಯಾರ ಶಿಫಾರಸೂ ಇಲ್ಲದೆ ಎಷ್ಟೋ ಸಲ ತಾನಾಗಿಯೇ ಬೆಳೆದು ಕೂಡಿಕೊಳ್ಳುತ್ತದೆ. ಬೆನ್ನುಹುರಿಯೊಳಗಿನ ನರವಾದರೋ ಒಮ್ಮೆ ಕಡಿದರೆ ಗಾಯದ ಕಲೆಯ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತದೆ. ಈ ಮೊಂಡುತನಕ್ಕೆ ಮದ್ದು ಹುಡುಕುವ ಶಾಸ್ತ್ರದಲ್ಲಿ ಎರಡು ಪಂಗಡದ ವಿದ್ವಾಂಸರಿದ್ದಾರೆ: ಪ್ರಯೋಗಾಲಯದಲ್ಲಿ ಕೂತು ನರವನ್ನು ಬಲ್ಲವರು, ಮತ್ತು ವಾರ್ಡಿನಲ್ಲಿ ನಿಂತು ನರರನ್ನು ಬಲ್ಲವರು. ಎರಡಕ್ಕೂ ನಡುವಿನ ಕಾರಿಡಾರಿನಲ್ಲಿ ದಾಪುಗಾಲು ಹಾಕುತ್ತಲೇ ಇಡೀ ಸೇವಾವಧಿಯನ್ನು ಕಳೆದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರು. ಬೆನ್ನುಹುರಿಯ ಬೆನ್ನು ಹತ್ತುವವರಿಗೆ ತಾಳ್ಮೆಯೇ ಮೊದಲ ಅರ್ಹತೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಮೇಡಂ ಅವರಿಗೆ ಆ ಅರ್ಹತೆ ಎಂದೂ ಇರಲಿಲ್ಲ ಎಂಬುದನ್ನು ಗೌರವಪೂರ್ವಕವಾಗಿ ಮೊದಲೇ ದಾಖಲಿಸಿಬಿಡುತ್ತೇನೆ.

ಅವರು ಸೇವೆಗೆ ಸೇರಿದಾಗ ವಿಭಾಗವೆಂಬುದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಹಿಂಭಾಗದಲ್ಲಿ, ಸದಾ ಆವಿ ನುಗ್ಗುವ ಒಂದು ಉದ್ದನೆಯ ರೂಮು. ಮೀನಿನ ತೊಟ್ಟಿ ಮಾಡುವವರಿಂದ ಗಾಜು ಕೊಯ್ಯಿಸಿ ತಂದು, ಇಲಿಗಳು ನಡೆಯಲು ಒಂದು ಓಣಿಯನ್ನು ಅವರೇ ಕಟ್ಟಿದರು. ಬೆನ್ನಿಗೆ ಪೆಟ್ಟಾದ ಇಲಿ ಆ ಓಣಿಯಲ್ಲಿ ಹಿಂಗಾಲು ಎಳೆಯುತ್ತ ಹೋಗುತ್ತಿದ್ದರೆ, ಹೊರಗಡೆ ಇವರೂ ಅದರ ಜೊತೆಜೊತೆಗೇ ನಡೆಯುತ್ತಿದ್ದರು, ಓಣಿ ಮುಗಿದೊಡನೆ, ಬಸ್ ಹೊರಡಿಸುವ ಕಂಡಕ್ಟರನಂತೆ ಕೊನೆಯಕ್ಷರವನ್ನು ಮೇಲಕ್ಕೆತ್ತಿ “ಇನ್ನೊಂದ್ಸಲಾ!” ಎನ್ನುತ್ತಿದ್ದರು. ವಿಭಾಗದಲ್ಲಿ ಈ ಕೂಗನ್ನು ಅನುಕರಿಸಲು ಬಾರದವರಿಗೆ ಪಿಎಚ್‌.ಡಿ. ಸಿಗುತ್ತಿರಲಿಲ್ಲವೆಂಬುದು ಪ್ರತೀತಿ. ಒಮ್ಮೆ ನಾನು ಕೂಗಿದ್ದನ್ನು ಕೇಳಿ ಅವರೇ ಬಾಗಿಲಲ್ಲಿ ಇಣುಕಿ, “ಅಲ್ಲಪ್ಪ, ನಂದು ಇಷ್ಟು ಕೀರಲಾಗಿದ್ಯಾ? ಸರಿಯಾಗಿ ಮಾಡು” ಎಂದು ತಿದ್ದಿ ಹೋದರು.

ಬೆನ್ನುಹುರಿಯ ಕೆಲಸದಲ್ಲಿ ಹುರಿದು ಮುಕ್ಕುವವರು ಬಹಳ, ಹುರಿದುಂಬಿಸುವವರು ವಿರಳ. ಮೇಡಂ ಎರಡನೆಯ ಪಂಗಡದವರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಇಲಿ ತಾನಾಗಿ ಮೂತ್ರ ಮಾಡಲಾರದು; ಬೆಳಿಗ್ಗೆ ಸಂಜೆ ಅದರ ಹೊಟ್ಟೆಯ ಕೆಳಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಖಾಲಿ ಮಾಡಿಸಬೇಕು. ಯಾರಿಗೂ ಬೇಡದ ಈ ಕೆಲಸದಿಂದ ರಜೆ ಸಿಗುವುದೆಂದರೆ ಬಿಡುಗಡೆ ಸಿಕ್ಕಂತೆ. ಆದ್ದರಿಂದಲೇ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ನನ್ನ ಹಿರಿಯ ಸಹೋದ್ಯೋಗಿ ಹೆರಿಗೆಗೆ ಹೊರಟಾಗ, “ನೀನು ಮಗು ನೋಡ್ಕೋ, ನಿನ್ನ ಇಲಿಗಳನ್ನ ನಾನು ನೋಡ್ಕೋತೀನಿ” ಎಂದು ಪ್ರಾಧ್ಯಾಪಕ ಪದವಿಯಲ್ಲಿದ್ದ ಮೇಡಂ ತಾವೇ ಗ್ಲೌಸ್ ತೊಟ್ಟದ್ದು ನಮಗೆಲ್ಲ ದೊಡ್ಡ ಉಪಕಾರವಾಗಿ ಕಂಡಿತು. ಆ ಉಪಕಾರವೇ ಮುಂದೆ ಅಪಕಾರವಾಯಿತು.

ಅದು ನಮ್ಮ ‘ಅಂಟಿನ’ ಕಾಲ. ಗಾಯದ ಜಾಗಕ್ಕೆ ಸುರಿದರೆ ಕಡಿದ ನರಗಳಿಗೆ ಹಂದರದಂತೆ ಆಸರೆಯಾಗುವ ಒಂದು ಜೆಲ್ಲನ್ನು ಮೇಡಂ ಸಿದ್ಧಪಡಿಸಿದ್ದರು. ಈಗ ಮೇಡಂ ನೋಡಿಕೊಳ್ಳುತ್ತಿದ್ದ ಅಕ್ಕನ ಇಲಿಗಳೆಲ್ಲ ಜೆಲ್ ಪಡೆದವು. ನನ್ನ ಪಾಲಿನವು ಪಡೆಯದವು. ಜೆಲ್ ಇಲಿಗಳು ಗಾಜಿನ ಓಣಿಯಲ್ಲಿ ಹಿಂಗಾಲು ಊರಿ ಹೆಜ್ಜೆ ಹಾಕತೊಡಗಿದವು. ವಿಡಿಯೊ ನೋಡಿ ಅಂಕ ಕೊಡುವವರಿಗೆ ಯಾವ ಇಲಿ ಯಾವುದೆಂದು ತಿಳಿದಿರಲಿಲ್ಲವಾದ್ದರಿಂದ ಫಲಿತಾಂಶದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ ಒಪ್ಪಿಗೆಯೂ ಸಿಕ್ಕಿತು. ಪೆಟ್ಟು ಬಿದ್ದು ಕೆಲವೇ ತಿಂಗಳಾದವರಿಗೆ ಮಾತ್ರ ಪ್ರವೇಶ ಎಂಬುದು ಷರತ್ತು.

ಮೊದಲ ಹೆಸರು ವಿದ್ಯುತ್ ಕಂಬದಿಂದ ಬಿದ್ದ ಒಬ್ಬ ಲೈನ್‌ಮನ್ನರದು. “ಕಂಬ ಹತ್ತೋದು ನನ್ನ ಕೆಲಸ ಮೇಡಂ, ಇಳಿಯೋದು ಸ್ವಲ್ಪ ಜೋರಾಯ್ತು ಅಷ್ಟೆ. ನಿಮ್ಮ ಅಂಟು ಹಾಕಿ. ಲೈನ್ ಬಂತೋ ಇಲ್ವೋ ನಾನೇ ಚೆಕ್ ಮಾಡ್ಕೋತೀನಿ” ಎಂದಿದ್ದರು ಅವರು. “ಮಾತಿಗೇನೂ ಪೆಟ್ಟು ಬಿದ್ದಿಲ್ಲ ನೋಡಿ” ಎಂದು ಅವರ ಹೆಂಡತಿ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಿದ್ದರು.

ಆಗಲೇ ಒಂದು ದಿನ ಮೇಡಂ ಇಲಿಗಳ ಹೊಟ್ಟೆ ಒತ್ತಿ ಮುಗಿಸುವ ಹೊತ್ತಿಗೆ ನಿರ್ದೇಶಕರ ಸಭೆಗೆ ಕರೆ ಬಂತು. ಸಭೆ ಎಳೆಯಿತು. ಹಿಂತಿರುಗಿ ಬಂದು ಓಣಿಗೆ ಬಿಟ್ಟರೆ, ಹಿಂದಿನ ದಿನ ನಡೆದಿದ್ದ ಇಲಿಗಳು ಕಾಲೆಳೆಯತೊಡಗಿದವು. ನಮಗದು ಒಂದು ಕೆಟ್ಟ ದಿನ. ಮೇಡಂ ಮಾತ್ರ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ತಿರುಗುತ್ತ ತಿರುಗುತ್ತ ಥಟ್ಟನೆ ನಿಂತರು. ಅವಸರದ ಸ್ವಭಾವದ ಅವರು ಇಲಿಯ ಹೊಟ್ಟೆ ಒತ್ತಿದ ಕೈಯಲ್ಲೇ ಅದನ್ನು ಓಣಿಗೆ ಬಿಡುತ್ತಿದ್ದರು. ನಾನು ಬೆಳಿಗ್ಗೆಯೇ ಒತ್ತಿ ಮುಗಿಸಿ, ಕಾಫಿ ಕುಡಿದು, ನಿಧಾನಕ್ಕೆ ಬಿಡುತ್ತಿದ್ದೆ. ಸೊಂಟದ ಬಳಿಯ ಆ ಒತ್ತಡವೇ ಪೆಟ್ಟಾದ ಜಾಗಕ್ಕಿಂತ ಕೆಳಗಿನ ನರಗಳನ್ನು ಸ್ವಲ್ಪ ಹೊತ್ತು ಎಬ್ಬಿಸಿ, ಕಾಲನ್ನು ನಡೆಸುತ್ತಿತ್ತೇನೋ!

“ಕೈ ನಂದು, ಹೆಸರು ಜೆಲ್ಲಿಂದು” ಎಂದರು ಮೇಡಂ.

ನಿರ್ದೇಶಕರು ಒಪ್ಪಲಿಲ್ಲ. ಪ್ರತಿ ಪದಕ್ಕೂ ಗಂಟಲು ಸರಿಪಡಿಸಿಕೊಳ್ಳುವ ಅವರ ಶೈಲಿಯಲ್ಲಿ, “ಒಂದು ದಿನ, ಹ್ಞಂ, ಇಲಿಗಳಿಗೆ ಮೂಡ್ ಇಲ್ಲ ಅಂತ, ಹ್ಞಂ, ಇಡೀ ಟ್ರಯಲ್ ನಿಲ್ಲಿಸ್ತೀರಾ? ನನಗೂ ಎಷ್ಟೋ ದಿನ ಮೂಡ್ ಇರಲ್ಲ” ಎಂದರು.

“ನಿಮ್ಮನ್ನ ಯಾರೂ ಬೆನ್ನೊಳಗೆ ಹಾಕ್ಕೊಳ್ಳಲ್ಲ ಸರ್” ಎಂದು ಮೇಡಂ ಎದ್ದು ಬಂದರು.

ಟ್ರಯಲ್ ತಡೆಹಿಡಿದು ಇಲಿಗಳ ಪ್ರಯೋಗವನ್ನು ಮತ್ತೆ ಮೊದಲಿಂದ ಮಾಡುವುದೆಂದರೆ ಲೈನ್‌ಮನ್ನರ ಗಡುವು ಮೀರುತ್ತಿತ್ತು. ಅದನ್ನು ಹೇಳಲು ಮೇಡಂ ಯಾರನ್ನೂ ಕಳಿಸದೆ ತಾವೇ ವಾರ್ಡಿಗೆ ಹೋದರು, ಜೊತೆಯಲ್ಲಿ ನಾನಿದ್ದೆ.

“ಅಂದ್ರೆ ನಾನು ಔಟು” ಎಂದರು ಲೈನ್‌ಮನ್.

“ಹೌದು.”

“ಇಲಿಗಳಿಗೆ ಎರಡನೇ ಚಾನ್ಸು. ನನಗಿಲ್ಲ.”

ಗಾಲಿ ಕುರ್ಚಿಯನ್ನು ತಿರುಗಿಸಿ ಅವರು ನಮಗೆ ಬೆನ್ನು ಹಾಕಿದರು. ಯಾವ ಬೆನ್ನಿಗಾಗಿ ಮೇಡಂ ಇಷ್ಟೆಲ್ಲ ಮಾಡಿದ್ದರೋ ಅದೇ ಬೆನ್ನು.

ಈ ಸಲ ಯಾವ ಇಲಿ ಯಾರ ಕೈಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದೆವು. ಹೊಟ್ಟೆ ಒತ್ತುವುದಕ್ಕೂ ನಡೆಸುವುದಕ್ಕೂ ನಡುವೆ ಎಲ್ಲ ಇಲಿಗಳಿಗೂ ಒಂದೇ ಬಿಡುವು ಕೊಟ್ಟೆವು. ಜೆಲ್ಲಿನ ಮಹಿಮೆಯಲ್ಲಿ ಬಹುಪಾಲು ಕರಗಿಹೋಯಿತು. ಉಳಿದದ್ದು ಇದೆಯೆಂದು ಡಂಗುರ ಹೊಡೆಯುವಷ್ಟೂ ಅಲ್ಲ, ಇಲ್ಲವೆಂದು ಎಸೆಯುವಷ್ಟೂ ಅಲ್ಲ. ಆದರೆ ಸ್ಪರ್ಶ ಕೆಳಗಿನ ನರಗಳನ್ನು ಎಬ್ಬಿಸುತ್ತದೆಂಬುದು ಗಟ್ಟಿಯಾಯಿತು. ರೋಗಿಯನ್ನು ಬೆಲ್ಟಿನಲ್ಲಿ ತೂಗುಹಾಕಿ, ಅಂಗಾಲು ತೊಡೆಗಳನ್ನು ತಿಕ್ಕುತ್ತ ಹೆಜ್ಜೆ ಇಡಿಸುವ ಅಭ್ಯಾಸಕ್ರಮ ಹುಟ್ಟಿದ್ದು ಈ ತಪ್ಪಿನಿಂದಲೇ. ಕಾಲಿಗೂ ಕಾಲ ಬೇಕು ಎಂದು ನಾವು ಸಮಾಧಾನ ಹೇಳಿಕೊಂಡೆವು, ಮೇಡಂ ಹೇಳಿಕೊಳ್ಳಲಿಲ್ಲ. ದಿನವೂ ಲೈನ್‌ಮನ್ನರ ಬಳಿ ಹೋಗಿ, ಮಾತಿಲ್ಲದ ಆ ಮನುಷ್ಯನ ಕಾಲು ತಿಕ್ಕತೊಡಗಿದರು. “ಪೇಪರ್ ಹಾಕೋರೂ ಇಷ್ಟು ಸರಿಯಾಗಿ ಬರಲ್ಲ” ಎಂದರು ಅವರ ಹೆಂಡತಿ.

ಬಹಳ ದಿನಗಳ ಮೇಲೆ, ನಾನೂ ಜೊತೆಗಿದ್ದಾಗ, ಲೈನ್‌ಮನ್ ಬಾಯಿ ಬಿಟ್ಟರು: “ಮೇಡಂ, ಎಡಗಾಲಿಗೆ ಮೋಸ ಮಾಡ್ತಿದೀರಿ. ಬಲಗಾಲಿಗೇ ಜಾಸ್ತಿ ತಿಕ್ತೀರಿ.”

ಮೇಡಂ ತಿಕ್ಕುವುದನ್ನು ನಿಲ್ಲಿಸಿದರು. “ನಿಮಗೆ ಗೊತ್ತಾಯ್ತಾ? ಹೇಗೆ ಗೊತ್ತಾಯ್ತು?”

“ಕಣ್ಣಿದೆಯಲ್ಲ ಮೇಡಂ.”

ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಈಗ ಲೈನ್‌ಮನ್ನರು ಕಂಬಿ ಹಿಡಿದು ಮಂಡಿ ಬಿಗಿಮಾಡಿ ನಿಲ್ಲಬಲ್ಲರು. ಹಾಸಿಗೆಯಿಂದ ಕುರ್ಚಿಗೆ ಯಾರ ನೆರವೂ ಇಲ್ಲದೆ ಹೋಗಬಲ್ಲರು. ನಡೆಯಲಾರರು. ಅಭಿನಂದನ ಗ್ರಂಥವೆಂದು ಇದನ್ನು ಹಿಗ್ಗಿಸಿ ಬರೆದರೆ ಮೊದಲು ಕೆಂಪು ಶಾಯಿ ಹಿಡಿಯುವವರು ಮೇಡಂ ಅವರೇ.

ಕಳೆದ ಶುಕ್ರವಾರ ಅಭ್ಯಾಸದ ವೇಳೆ ಬೆಲ್ಟಿನ ಒಂದು ಬದಿಗೆ ಮೇಡಂ, ಇನ್ನೊಂದು ಬದಿಗೆ ನಾನು. ತೂಗಾಡುತ್ತಿದ್ದ ಲೈನ್‌ಮನ್ ಕೇಳಿದರು: “ಆವತ್ತು ಸುಮ್ಮನೆ ಅಂಟು ಹಾಕಿಬಿಟ್ಟಿದ್ರೆ ನಾನೀಗ ನಡೀತಿದ್ನಾ ಮೇಡಂ?”

ನನ್ನ ಬಳಿ ಸಾಂತ್ವನದ ಉತ್ತರವೊಂದು ಸಿದ್ಧವಾಗಿತ್ತು. ಮೇಡಂ ಅದಕ್ಕೆ ಅವಕಾಶ ಕೊಡಲಿಲ್ಲ.

“ಗೊತ್ತಿಲ್ಲ. ನಡೀತಿದ್ರೋ ಏನೋ. ಇಲ್ಲ ಅನ್ನೋಕೆ ನನ್ನ ಹತ್ರ ಆಧಾರ ಇಲ್ಲ.”

ಲೈನ್‌ಮನ್ ಮೇಡಂ ಹಿಡಿದಿದ್ದ ಬದಿಯತ್ತ ತಲೆಯಾಡಿಸಿ ಕೇಳಿದರು: “ಮುಂದಿನ ತಿಂಗಳಿಂದ ಈ ಬದಿ ಯಾರು ಹಿಡೀತಾರೆ?”

“ಆಗ ನಾನು ರಿಟೈರ್ ಆಗಿರ್ತೀನಪ್ಪ.”

“ನಾನು ಕೇಳಿದ್ದು ಅದಲ್ಲ.”

“ನಾನೇ ಹಿಡೀತೀನಿ” ಎಂದರು ಮೇಡಂ.

ಇಂಥವರಿಗೆ ವಿಶ್ರಾಂತ ಜೀವನವನ್ನು ಹಾರೈಸುವ ಧೈರ್ಯ ನನಗಿಲ್ಲ. ‘ನಾನೀಗ ನಡೀತಿದ್ನಾ’ ಎಂಬಂಥ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಬೇಕಾಗಿ ಬಾರದ ದಿನವನ್ನು ಕಣ್ಣಾರೆ ಕಾಣುವಷ್ಟು ದೀರ್ಘವಾದ ಆಯುಷ್ಯ ಅವರದಾಗಲಿ. ಅಲ್ಲಿಯವರೆಗೆ ಅವರ ತೋಳುಗಳಲ್ಲಿ ಕಸುವಿರಲಿ. ಲೈನ್‌ಮನ್ನರು ಹಗುರವಾದ ಆಸಾಮಿಯಲ್ಲ.