ಮುದುಕ ಹೌದು ಎಂದ ಶುಕ್ರವಾರ

ಕಳೆದ ತಿಂಗಳು ದುಬೈಯ ಅಲ್ ಕುಸೈಸ್‌ನ ನಮ್ಮ ಕ್ಲಿನಿಕ್ಕಿಗೆ ಹಲ್ಲುನೋವೆಂದು ಒಬ್ಬ ಹೆಂಗಸು ಬಂದಿದ್ದರು. ಬಾಯಿ ತೆರೆದದ್ದೇ ಲವಂಗದ ವಾಸನೆ ಬಂತು. ಬಿ.ಪಿ. ಪಟ್ಟಿ ಕಟ್ಟುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಆ ವಾಸನೆ ನನ್ನ ಪಾಲಿಗೆ ಒಬ್ಬರದೇ... ಸಿಗರೇಟು ಬಿಟ್ಟ ಮೇಲೆ ಹಗಲಿಡೀ ಒಂದು ಲವಂಗವನ್ನು ದವಡೆಗೆ ಒತ್ತಿಕೊಂಡು ಓಡಾಡುತ್ತಿದ್ದ ವಾರ್ಡ್‌ಬಾಯ್ ಒಬ್ಬರದು.

ವಾರ್ಡ್‌ಬಾಯ್ ಎಂದರೂ ಅವರಿಗೆ ಅರವತ್ತು ಹತ್ತಿರವಾಗಿತ್ತು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನ ಹಿಂದಿನ ಒಂದು ಸಣ್ಣ ಖಾಸಗಿ ಆಸ್ಪತ್ರೆ ಅದು. ನಾನು ಕಾರ್ಕಳದಿಂದ ಹೊಸದಾಗಿ ಬಂದ ನರ್ಸ್. ಅವರು ಕಿನ್ನಿಗೋಳಿ ಕಡೆಯ ಕ್ರೈಸ್ತರು. ನಮ್ಮೂರಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವಂತೆ ನಾನೂ ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ. ಈ ಆಸ್ಪತ್ರೆಗೆ ಬರುವ ಮೊದಲು ಅವರು ಮರುಭೂಮಿಯ ತೈಲ ಕ್ಯಾಂಪೊಂದರಲ್ಲಿ ಅಮೆರಿಕದವರಿಗೆ ಬಡಿಸುತ್ತಿದ್ದರಂತೆ. ಅಲ್ಲಿಯ ಊಟದ ಹಾಲ್‌ನಲ್ಲಿ ಯಾವಾಗ ನೋಡಿದರೂ ಅಮೆರಿಕನ್ ಫುಟ್‌ಬಾಲ್‌ನ ಟೇಪು. ನಾವು ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಕೆಡಹುವ ಆಟ. ಬಡಿಸುತ್ತ ಬಡಿಸುತ್ತ ಅದರ ಒಳಹೊರಗೆಲ್ಲ ಕಲಿತಿದ್ದರು.

ಆ ವರ್ಷ ನಮ್ಮ ವಾರ್ಡಿಗೆ ಎಪ್ಪತ್ತು ದಾಟಿದ ಒಬ್ಬ ಅಮೆರಿಕನ್ ಎಂಜಿನಿಯರ್ ಬಂದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ತಲೆಗೂ ಪೆಟ್ಟಾಗಿತ್ತು, ಆದರೆ ಸ್ಕ್ಯಾನ್‌ನಲ್ಲಿ ಏನೂ ಕಂಡಿರಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು. ನಡೆಯಿರಿ ಎಂದರೆ ಮಾತ್ರ ಮನುಷ್ಯ ಏಳಲೊಲ್ಲ. ಫಿಸಿಯೋಥೆರಪಿ ಹುಡುಗಿಗೆ ಬೈದು ಅಳಿಸಿದರು. ಕಾಲೇಜಿನಲ್ಲಿ ನಾನು ಮಿಡಲ್ ಲೈನ್‌ಬ್ಯಾಕರ್ ಆಗಿದ್ದವನು, ನನಗೆ ನಡೆಯಲು ಕಲಿಸುತ್ತೀಯಾ ಎಂದು ಕೂಗಿದರು.

ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದ ಪೊರ್ಬುಗಳು ತಲೆ ಎತ್ತದೆ ಕೇಳಿದರು, "ಹಾಗಾದ್ರೆ ಸಾರ್, ಆ ಜಾಗದಲ್ಲಿ ಆಡಿದವರಲ್ಲಿ ಎಲ್ಲರಿಗಿಂತ ದೊಡ್ಡವ ಯಾರು?"

ಅಲ್ಲಿಂದ ಶುರುವಾಯಿತು. ರಕ್ಷಣೆ ಮಾಡುವವರ ನಟ್ಟನಡುವೆ ನಿಂತು, ಎದುರಿನವರ ಹೂಟ ಊಹಿಸಿ, ತನ್ನವರಿಗೆ ಕೂಗಿ ಹೇಳುವವನೇ ಮಿಡಲ್ ಲೈನ್‌ಬ್ಯಾಕರ್ ಎಂದು ನನಗೆ ಪೊರ್ಬುಗಳೇ ವಿವರಿಸಿದ್ದು. ಮುದುಕರ ಪಾಲಿಗೆ ಹಳೆಯ ಕಾಲದ ಒಬ್ಬ ದೈತ್ಯನೇ ದೊಡ್ಡವನು. ಸೋಲುವ ತಂಡದಲ್ಲೂ ಒಂಟಿಯಾಗಿ ಎಲ್ಲರನ್ನೂ ನೆಲಕ್ಕೆ ಕೆಡಹಿದವನು. ಸೋಲುವ ತಂಡವಾದರೆ ಚೆಂಡು ದಿನವಿಡೀ ಎದುರಿನವರ ಕೈಯಲ್ಲೇ, ಕೆಡಹಲು ಜನ ಸಿಗದೆ ಇರುತ್ತಾರಾ ಎಂದು ಪೊರ್ಬುಗಳ ವಾದ. ಅವರ ಆಯ್ಕೆ ಆಮೇಲೆ ಬಂದ ಒಬ್ಬ ಗಿಡ್ಡ ಆಟಗಾರ. ಚೆಂಡು ಕದಲುವ ಮೊದಲೇ ಅದು ಹೋಗುವ ಜಾಗದಲ್ಲಿ ಇರುತ್ತಿದ್ದವನು. ಅವನ ಮುಂದೆ ಅವನದೇ ತಂಡದ ಗೋಡೆಯಂಥ ನಾಲ್ವರಿದ್ದರು, ಅದಕ್ಕೇ ಅಷ್ಟು ಸಲೀಸು ಎಂದು ಮುದುಕರು ಮಂಚ ಗುದ್ದುತ್ತಿದ್ದರು. "ಯಲ್ಲಾ, ಏಳಿ ಸಾರ್, ಕಿಟಕಿ ತನಕ ನಡೀರಿ, ಉತ್ತರ ಅಲ್ಲಿ ಕೊಡ್ತೇನೆ" ಎಂದು ಪೊರ್ಬುಗಳು ವಾಕರ್ ಮುಂದಿಡುತ್ತಿದ್ದರು. ಸಿಟ್ಟಿನಲ್ಲೇ ಮುದುಕರು ನಡೆಯುತ್ತಿದ್ದರು. ಐದು ದಿನ ಹೀಗೇ.

ಆರನೆಯ ದಿನ ಶುಕ್ರವಾರ. ಅಲ್ಲಿಯ ವಾರದ ರಜೆ, ಮಧ್ಯಾಹ್ನ ವಾರ್ಡಿನಲ್ಲಿ ವೈದ್ಯರಿಲ್ಲ. ಪೊರ್ಬುಗಳು ನನ್ನ ಮೇಜಿನ ಹತ್ತಿರ ಬಂದು ನಿಂತರು. ಮುಖ ಬಿಳಿಚಿಕೊಂಡಿತ್ತು.

"ಸಿಸ್ಟರ್, ಅವರು ಹೌದು ಅಂದ್ರು."

"ಎಂತಕ್ಕೆ ಹೌದು ಅಂದ್ರು?"

"ನನ್ನವನೇ ದೊಡ್ಡವ ಅಂತ. ಜಗಳವೇ ಇಲ್ಲ. ಅವರಿಗೆ ಎಂತದೋ ಆಗಿದೆ."

ನಗು ಬಂತು. ಆದರೂ ಹೋಗಿ ನೋಡಿದೆ. ನಾಡಿ, ಬಿ.ಪಿ., ಕಣ್ಣಿನ ಪಾಪೆ, ಎಲ್ಲ ಸರಿ. ತಮ್ಮ ಹೆಸರು ಕೇಳಿದರೆ ಹೇಳಿದರು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಹಿಂದಿನ ಶುಕ್ರವಾರ ಸಣ್ಣ ಕಾರಣಕ್ಕೆ ಕರೆಸಿ ಅವರಿಂದಲೇ ಬೈಸಿಕೊಂಡಿದ್ದೆ. ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ಎರಡು ವಾರವಿತ್ತು. ಲಕ್ಷಣ ಏನೆಂದು ಅವರು ಕೇಳಿದರು. ರೋಗಿ ವಾದ ಮಾಡುತ್ತಿಲ್ಲ ಎಂದೆ. ಅವರು ಫೋನ್ ಇಟ್ಟುಬಿಟ್ಟರು.

ಪೊರ್ಬುಗಳು ಮುದುಕರ ಪಕ್ಕ ಕುಳಿತು, ಕಿವಿಯ ಹತ್ತಿರ ಬಾಗಿ ಕೇಳಿದರು, "ಸಾರ್, ನಿಮ್ಮವನ ಹೆಸರೆಂತ?"

ಮುದುಕರು ತುಟಿ ಅಲ್ಲಾಡಿಸಿದರು. ಐದು ದಿನ ಮಂಚ ಗುದ್ದಿ ಗುದ್ದಿ ಹೇಳಿದ ಹೆಸರು... ಬರಲಿಲ್ಲ. ಅವರ ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಇಲ್ಲ. ಸ್ಕ್ಯಾನ್ ಕೋಣೆ ಕೆಳಗಿನ ಮಹಡಿಯಲ್ಲಿತ್ತು. ವೈದ್ಯರ ಆರ್ಡರ್ ಇಲ್ಲದೆ ರೋಗಿಯನ್ನು ಅಲ್ಲಿಗೆ ಕೊಂಡೊಯ್ಯುವಂತಿರಲಿಲ್ಲ. ಪೊರ್ಬುಗಳು ಮಂಚದ ಬ್ರೇಕಿನ ಮೇಲೆ ಕಾಲಿಟ್ಟು ನನ್ನ ಮುಖ ನೋಡುತ್ತಿದ್ದರು.

"ಕರ್ಕೊಂಡು ಹೋಗಿ," ಎಂದೆ. "ಆರ್ಡರ್ ನಾನು ತಗೊಳ್ತೇನೆ."

ಡಾಕ್ಟರ್ ತಿರುಗಿ ಫೋನ್ ಮಾಡುವಷ್ಟರಲ್ಲಿ ಚಿತ್ರ ಬಂದಾಗಿತ್ತು. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಒಸರುತ್ತಿತ್ತು. ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸಂಜೆಯೊಳಗೆ ಆಪರೇಷನ್ ಆಯಿತು, ಜೀವ ಉಳಿಯಿತು.

ಭಾನುವಾರ ವಿಚಾರಣೆ. ಆರ್ಡರ್ ಇಲ್ಲದೆ ಮಂಚ ಕದಲಿಸಲು ಹೇಳಿದವರು ಯಾರು ಎಂದು ಸೂಪರ್‌ವೈಸರ್ ಕೇಳಿದರು. ಸಿಸ್ಟರ್ ಹೇಳಿದ್ದಾರೆ ಎಂದು ವಾರ್ಡ್‌ಬಾಯ್ ತನಗೆ ತಿಳಿಸಿದ್ದಾಗಿ ಸ್ಕ್ಯಾನ್ ಟೆಕ್ನಿಷಿಯನ್ ಬರೆದುಕೊಟ್ಟಿದ್ದ. ನಾನು ಮೇಜಿನ ಅಂಚು ನೋಡುತ್ತ ಕುಳಿತೆ. ಬಾಗಿಲ ಬಳಿ ನಿಂತಿದ್ದ ಪೊರ್ಬುಗಳು ಹೇಳಿದರು, "ಸಿಸ್ಟರ್ ಬೇಡ ಅಂದಿದ್ರು. ತಗೊಂಡು ಹೋದದ್ದು ನಾನು. ಟೆಕ್ನಿಷಿಯನ್ ಹತ್ರ ಸುಳ್ಳು ಹೇಳಿದ್ದೂ ನಾನೇ."

ಆಗಲಾದರೂ ನಾನು ಮಾತಾಡಬಹುದಿತ್ತು... ಆಡಲಿಲ್ಲ.

ಅರವತ್ತು ತುಂಬಿದವರ ವೀಸಾ ಮುಂದುವರಿಸುವುದು ಆಸ್ಪತ್ರೆಯ ಮನಸ್ಸಿಗೆ ಬಿಟ್ಟದ್ದು. ಆ ತಿಂಗಳೇ ಅರವತ್ತು ತುಂಬಿದ ಅವರದನ್ನು ಮುಂದುವರಿಸಲಿಲ್ಲ. ಲಾಕರ್ ಖಾಲಿ ಮಾಡುತ್ತಿದ್ದಾಗ ಹೋಗಿ ಎದುರು ನಿಂತೆ. "ನಂದು ಹೇಗೂ ಖಲಾಸ್ ಮಾರಾಯ್ತಿ," ಎಂದರು. "ನಿಮ್ದು ಈಗಷ್ಟೇ ಶುರು. ಆ ಮುದುಕ ನಡೆದ್ರೆ ಒಂದು ಫೋನ್ ಮಾಡಿ."

ಮೂರು ತಿಂಗಳ ಮೇಲೆ ಆ ಮುದುಕರು ಕೋಲೂರಿಕೊಂಡು ವಾರ್ಡಿಗೆ ಬಂದರು. ನನ್ನ ವೈರಿ ಎಲ್ಲಿ ಎಂದು ಕೇಳಿದರು. ಊರಿಗೆ ಹೋದರು ಎಂದೆ. ಅಂದು ನಾನು ಹೌದು ಅಂದದ್ದು ಲೆಕ್ಕಕ್ಕಿಲ್ಲ, ನನ್ನವನೇ ದೊಡ್ಡವನು ಎಂದು ಅವನಿಗೆ ಹೇಳು ಎಂದರು. ಹೇಳುತ್ತೇನೆ ಎಂದೆ. ನಂಬರ್ ನನ್ನ ಹತ್ತಿರವೇ ಇತ್ತು. ಆದರೆ ಅವರ ದನಿ ಕೇಳುವ ಧೈರ್ಯವಾಗಲಿಲ್ಲ. ನಾಳೆ ಎಂದುಕೊಂಡೆ... ವರ್ಷಗಳೇ ಹೋದವು.

ಕಳೆದ ತಿಂಗಳು, ಲವಂಗದ ವಾಸನೆಯ ಆ ರೋಗಿಯನ್ನು ಕಳಿಸಿದ ಮೇಲೆ, ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕುಳಿತು ಆ ನಂಬರ್ ಒತ್ತಿದೆ. ಎತ್ತಿದ್ದು ಪೊರ್ಬುಗಳ ಹೆಂಡತಿ. ಅವರು ತೀರಿಹೋಗಿ ನಾಲ್ಕು ವರ್ಷವಾಯಿತು ಎಂದರು. ನಾನು ಯಾರೆಂದು ಹೇಳಿದಾಗ ಅವರ ದನಿ ಅರಳಿತು.

"ಆ ಶುಕ್ರವಾರದ ಸಿಸ್ಟರಾ? ಭಾರೀ ಧೈರ್ಯದವರು ಅಂತ ಯಾವಾಗಲೂ ಹೇಳ್ತಿದ್ರು."

ಇಲ್ಲ ಎಂದೆ. ವಿಚಾರಣೆಯಲ್ಲಿ ಸುಮ್ಮನೆ ಕುಳಿತದ್ದನ್ನೂ, ಪೊರ್ಬುಗಳು ತಪ್ಪನ್ನು ತಮ್ಮ ಮೈಮೇಲೆ ಎಳೆದುಕೊಂಡದ್ದನ್ನೂ ಒಂದೂ ಬಿಡದೆ ಹೇಳಿದೆ.

"ಆ ಅಮೆರಿಕದವರು ಮತ್ತೆ ನಡೆದ್ರಾ?" ಎಂದು ಕೇಳಿದರು.

"ನಡೆದ್ರು. ಇವರನ್ನೇ ಹುಡುಕಿಕೊಂಡು ಬಂದಿದ್ರು."

"ಅದೊಂದು ಆಗಲೇ ಹೇಳ್ಬೇಕಿತ್ತು ನೀವು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಫೋನ್ ರಿಂಗ್ ಆದಾಗಲೆಲ್ಲ ಅಬುಧಾಬಿಯಿಂದಲಾ ಅಂತ ಕೇಳ್ತಿದ್ರು. ಕೊನೆಕೊನೆಗೆ ನಾನೇ ಬೈದು ಹಾಗೆ ಕೇಳೋದನ್ನು ಬಿಡಿಸಿದೆ."